ಅಪ್ಪನ ಅಳುವಿಗೆ ತಕ್ಕ ಬಾಜಾ

ಆಗೆಲ್ಲ ಸಿರುಗುಪ್ಪದಲ್ಲಿ ಬೆಳಗಾಗುತ್ತಿದ್ದುದೇ ಬೇಯಿಸಿದ ಭತ್ತದ ವಾಸನೆಯಿಂದ. ಅಪ್ಪ ಅಕ್ಕಿ ಗಿರಣಿಯಲ್ಲಿ ಮಶಿನ್ ನೋಡಿಕೊಳ್ಳುತ್ತಿದ್ದ. ನಾನು ಐದನೇ ಕ್ಲಾಸು. ಆ ದಿನ ಮಧ್ಯಾಹ್ನ ಅವ್ವ ಒಗ್ಗಾಣಿ, ಮಿರ್ಚಿ ಮಾಡಿ, ಅಪ್ಪನಿಗೆ ಕೊಟ್ಟು ಬಾ ಎಂದು ಡಬ್ಬಿ ಕೈಗಿಟ್ಟಳು. ಕೊಟ್ಟವಳು ನೆಟ್ಟಗೆ ಮನೆಗೆ ಬರದೆ, ಗಿರಣಿಯ ಹಿಂದಿನ ಹೊಟ್ಟಿನ ಗುಡ್ಡೆಯ ಮೇಲೆ ಗೆಳತಿಯರ ಜೊತೆ ಜಾರಾಡಿ ಬಂದೆ.

"ಮದುವಿ ಮನ್ಯಾಗ ಇದೇನ ನಿನ್ನ ಅವತಾರ?" ಎಂದು ಅವ್ವ ಸೆರಗಿನಿಂದ ನನ್ನ ತಲೆ ಒರೆಸಿದಳು. ಅಕ್ಕನಿಗೆ ಕುರುಗೋಡಿನ ವರ ಗೊತ್ತಾಗಿದ್ದ. ಸಂಜೆ ಅವ್ವ, ಅಕ್ಕ ಇಬ್ಬರೂ ಹಸಿರು ಬಳೆ ಎಷ್ಟು ಡಜನ್ ಬೇಕೆಂದು ಜಗಳಾಡಿದರು. ಎಲ್ಲ ದಿನಗಳಂಥದೇ ದಿನ. ಮರುದಿನ ಬೆಳಗ್ಗೆ ಅವ್ವ ಏಳಲಿಲ್ಲ.

ಸಾವಾದ ಮನೆಯಲ್ಲಿ ವರ್ಷದೊಳಗೆ ಶುಭಕಾರ್ಯ ಮುಗಿಸಬೇಕೆಂದು ಹಿರಿಯರು ಅಂದರು. ಮದುವೆ ನಿಲ್ಲಲಿಲ್ಲ. ಅಪ್ಪನ ಅಳುವೂ ನಿಲ್ಲಲಿಲ್ಲ. ಗಿರಣಿಯ ಸದ್ದಿಗೆ ಅವನ ಕಿವಿ ಮಂದವಾಗಿದ್ದವು. ಮಾತೂ ಜೋರು, ಅಳುವೂ ಜೋರು. ಎಷ್ಟು ಜೋರಾಗಿ ಅಳುತ್ತಿದ್ದೇನೆಂದು ಅವನಿಗೇ ತಿಳಿಯುತ್ತಿರಲಿಲ್ಲ. ಧಾರೆ ಸೀರೆ ಕೊಳ್ಳಲು ಹೋದಾಗ ಅಂಗಡಿಯಲ್ಲೇ ಶುರುವಾಗಿ, ರಸ್ತೆಯ ಜನ ಬಾಗಿಲಿಗೆ ಬಂದು ನಿಂತಿದ್ದರು.

ಈ ಸುದ್ದಿ ಕುರುಗೋಡಿಗೂ ಮುಟ್ಟಿತು. ವರನ ದೊಡ್ಡಪ್ಪ ಬಂದು ಕೂತು, ಮೆಲ್ಲಗೆ ವಿಷಯ ತೆಗೆದರು. "ತಾಳಿ ಕಟ್ಟೋ ಹೊತ್ತಿನ್ಯಾಗ ಅಳು ಕಿವಿಗೆ ಬೀಳಬಾರದ್ರಿ. ಆ ಹೊತ್ತಿಗೆ ಇವರನ್ನ ಹೊರಗ ಕುಂದರ್ಸಿದ್ರ ಚೊಲೊ."

ಅಪ್ಪ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಕೇಳಿಸಿತೋ ಇಲ್ಲವೋ. ಉತ್ತರ ಕೊಟ್ಟವಳು ಅತ್ತೆ. ಅಪ್ಪನ ತಂಗಿ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಿದ್ದಳು.

"ಹೆತ್ತಪ್ಪ ಹೊರಗ ಕುಂತು ಯಾರ ಮದುವಿ ನೋಡಬೇಕ್ರಿ? ಅವ ಮಂಟಪದಾಗ ನಿಲ್ತಾನ. ಅಳು ಕೇಳದಂಥ ಬಾಜಾ ನಾ ನೋಡ್ತೀನಿ."

"ನಾವು ಮೈಕ್ ಸೆಟ್ಟಿನ್ಯಾಗ ಕ್ಯಾಸೆಟ್ ಹಾಕ್ಸೋರಿದ್ವಿ."

"ಕ್ಯಾಸೆಟ್ಟಿಗೆ ಕಣ್ಣದಾವೇನ್ರಿ, ಯಾವಾಗ ಜೋರ್ ಮಾಡಬೇಕಂತ ನೋಡಾಕ?"

ದೊಡ್ಡಪ್ಪ ನಕ್ಕುಬಿಟ್ಟರು. ಸೀನಾಗಲಿ ಕೆಟ್ಟ ಮಾತಾಗಲಿ ಕೇಳಿಸಬಾರದೆಂದೇ ತಾಳಿ ಕಟ್ಟುವಾಗ ಗಟ್ಟಿಮೇಳ ಬಾರಿಸುವುದು. ಅತ್ತೆ ಕೇಳಿದ್ದು ಅದನ್ನೇ, ಸ್ವಲ್ಪ ಹೆಚ್ಚಾಗಿ. "ಆತು, ನೋಡ್ರಿ. ಕೇಳಿಸ್ತು ಅಂದ್ರ ಮಾತ್ರ ನಾವು ಸುಮ್ನಿರಂಗಿಲ್ಲ" ಎಂದು ದೊಡ್ಡಪ್ಪ ಎದ್ದರು.

ಬಾಜಾದವರನ್ನು ಹುಡುಕಲು ಅತ್ತೆ ನನ್ನನ್ನೇ ಕರೆದುಕೊಂಡು ಹೊರಟಳು. "ಅಣ್ಣನ ಗಂಟಲು ಈ ಪೋರಿಗಷ್ಟ ಬಂದೈತಿ" ಎನ್ನುವುದು ಅವಳ ಕಾರಣ. ಬಾಜಾದವರು ಬಾರಿಸುವಾಗ ನಾನು ಅವರ ಪಕ್ಕ ನಿಂತು ಕೂಗಬೇಕು. ಅತ್ತೆ ಇಪ್ಪತ್ತು ಹೆಜ್ಜೆ ದೂರ ನಿಂತು ಕೇಳಬೇಕು.

ಬಳ್ಳಾರಿಯ ಕೋಟೆ ಗುಡ್ಡದ ಕೆಳಗಿನ ಓಣಿಯಲ್ಲಿ ಬ್ಯಾಂಡಿನವರು ಊದಿದರು. "ಬಿಸಿ ಬಿಸಿ ಮಿರ್ಚೀ!" ಎಂದು ಕೂಗಿದೆ. ಅತ್ತೆ ತಲೆಯಾಡಿಸಿದಳು. "ಕೇಳ್ತು. ಉಸಿರು ತಗೊಳ್ಳಾಗ ಸಂದಿ ಬಿಡ್ತೀರಿ."

"ಮನುಷ್ಯಾರದೀವಿ ಯಕ್ಕಾ, ಉಸಿರು ತಗೋಬಾರದೇನು?"

"ತಗೋರಿ. ಎಲ್ಲಾರೂ ಒಮ್ಮೆಲೇ ಯಾಕ ತಗೋತೀರಿ?"

ಸಿರುಗುಪ್ಪದಲ್ಲಿ ಇನ್ನೊಂದು ಮೇಳದವರ ಪಕ್ಕ ನಿಂತು ಮಗ್ಗಿ ಒದರಿದೆ. ಅತ್ತೆ ಹತ್ತಿರ ಬಂದು, "ಹದಿನೇಳಾರ್ಲೆ ತಪ್ಪು ಹೇಳಿದಿ. ಅಂದ್ರ ಕೇಳ್ತು. ನಡಿ" ಅಂದಳು.

ಕೊನೆಗೆ ಕುರುಗೋಡು. ಬಂಡೆಗಲ್ಲಿನ ಗುಡ್ಡದ ಕೆಳಗೆ, ಬೇವಿನ ಮರದ ಹತ್ತಿರ ನಾಲ್ವರು ಕೂತಿದ್ದರು. ಎರಡು ಸನಾಯಿ, ಎರಡು ಡೋಲು. ಒಬ್ಬ ಉಸಿರು ಬಿಟ್ಟರೆ ಇನ್ನೊಬ್ಬ ಹಿಡಿಯುತ್ತಿದ್ದ. ದೊಡ್ಡ ಡೋಲಿನವನು ಹಲ್ಲಿಲ್ಲದ ಮುದುಕ. ನನ್ನನ್ನು ಅವನ ಮಗ್ಗುಲಲ್ಲೇ ನಿಲ್ಲಿಸಿ ಅತ್ತೆ ಬಾವಿಯ ಕಟ್ಟೆಗೆ ಹೋಗಿ ನಿಂತಳು.

ಅವರು ಶುರು ಮಾಡಿದರು. ನೆಲ ಅದುರಿತು. ಕೂಗಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಬಾಯಿ ತೆರೆದೆ, "ಅವ್ವಾ" ಎಂದು ಬಂತು. ನನಗೇ ಕೇಳಿಸಲಿಲ್ಲ. ಮತ್ತೆ ಕೂಗಿದೆ. ಅವ್ವ ಹೋದಾಗಿನಿಂದ ನಾನು ಅತ್ತಿರಲಿಲ್ಲ. ಎಲ್ಲರೂ ಅಪ್ಪನನ್ನು, ಅಕ್ಕನನ್ನು ಸಮಾಧಾನ ಮಾಡುತ್ತಿದ್ದರು, ನನಗೆ ಸರದಿ ಬಂದಿರಲಿಲ್ಲ. ಅಲ್ಲಿ, ಮಟ ಮಟ ಮಧ್ಯಾಹ್ನ, ಗುರುತಿಲ್ಲದ ನಾಲ್ವರ ನಡುವೆ ನಿಂತು ಬಾಯಿ ತುಂಬ ಅತ್ತುಬಿಟ್ಟೆ.

ದೂರದಿಂದ ಅತ್ತೆ ಸಾಕೆಂದು ಕೈ ಎತ್ತಿದಳು. ಸನಾಯಿಯವರು ಮುದುಕನ ಕಡೆ ನೋಡಿದರು. ಮುದುಕ ನನ್ನ ಕಡೆ ನೋಡಿದ. ನಿಲ್ಲಿಸಲಿಲ್ಲ. ನಾನು ಲಂಗದಲ್ಲಿ ಮೂಗು ಒರೆಸಿಕೊಂಡ ಮೇಲೆಯೇ ಕೊನೆಯ ಪೆಟ್ಟು ಹಾಕಿದ್ದು.

"ಎಷ್ಟೊತ್ತು ಹಿಂಗ ಬಾರಸ್ತೀರಿ?" ಅತ್ತೆ ಬಂದು ಕೇಳಿದಳು. "ನಮ್ಮಣ್ಣ ಶುರು ಮಾಡಿದ್ರ ಲಗೂನ ನಿಲ್ಲಂಗಿಲ್ಲ."

"ಅವರು ನಿಲ್ಲೋತನ ಬಾರಸ್ತೀವಿ, ತಾಯಿ" ಎಂದ ಮುದುಕ.

"ಏನೂ ಕೇಳಲಿಲ್ಲ. ನೀವ ಬರ್ರಿ" ಅಂದಳು. ಆಮೇಲೆ ಸೆರಗನ್ನು ಬಾವಿ ನೀರಿನಲ್ಲಿ ಅದ್ದಿ, "ಧೂಳು ಬಾಳ ಐತಿ ಇಲ್ಲಿ" ಎನ್ನುತ್ತ ನನ್ನ ಮುಖ ಒರೆಸಿದಳು. ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ಮಲಗಿದೆ. ಹೊಸ ಜೀನ್ಸ್ ಬಟ್ಟೆಯ, ಮಶಿನ್ ಎಣ್ಣೆಯ ವಾಸನೆ. ಎಷ್ಟೋ ದಿನಗಳ ಮೇಲೆ ಅಂಥ ನಿದ್ದೆ ಬಂತು.

ಮದುವೆಯ ದಿನ ಅಪ್ಪ ಮಂಟಪದಲ್ಲೇ ನಿಂತ. ಮುದುಕ ಪುರೋಹಿತರನ್ನು ನೋಡುವುದಕ್ಕಿಂತ ಹೆಚ್ಚಾಗಿ ಅಪ್ಪನನ್ನೇ ನೋಡುತ್ತಿದ್ದ. ತಾಳಿ ಕಟ್ಟುವಾಗ ಅಪ್ಪನ ಬಾಯಿ ಅಗಲವಾಗಿ ತೆರೆಯಿತು, ಕುತ್ತಿಗೆಯ ನರ ಉಬ್ಬಿದವು. ಅಕ್ಕಿಕಾಳು ಬಿದ್ದವು. ಡೋಲು ಬಿಟ್ಟು ಬೇರೇನೂ ಯಾರಿಗೂ ಕೇಳಿಸಲಿಲ್ಲ. ತಾಳಿ ಕಟ್ಟಿ ಎಷ್ಟೋ ಹೊತ್ತಾದರೂ ಡೋಲು ಬಡಿಯುತ್ತಲೇ ಇತ್ತು. ಅಪ್ಪನ ಬಾಯಿ ಮುಚ್ಚಿತು, ಡೋಲು ನಿಂತಿತು.

"ನಮ್ಮ ಕಿವಿ ಹೋದ್ವಲ್ರಿ" ಎಂದು ವರನ ದೊಡ್ಡಪ್ಪ ಅಂದರು.

"ಹೂನ್ರಿ, ಅಷ್ಟ ಬೇಕಿತ್ತು" ಎಂದಳು ಅತ್ತೆ, ನಗುತ್ತ.

ಊಟಕ್ಕೆ ಕೂತ ಅಪ್ಪ ಗೋಧಿ ಹುಗ್ಗಿಯನ್ನು ಎರಡನೇ ಸಲ ಹಾಕಿಸಿಕೊಂಡ. ತಿಂಗಳುಗಳಿಂದ ಅರ್ಧ ರೊಟ್ಟಿಗೆ ಏಳುತ್ತಿದ್ದವನು. ಅದನ್ನು ನೋಡಿ ಅತ್ತೆ ಕಂಬಕ್ಕೆ ಒರಗಿ ಒಂದು ಉದ್ದ ಉಸಿರು ಬಿಟ್ಟಳು.

ಅತ್ತೆ ತೀರಿಕೊಂಡು ಎಂಟು ತಿಂಗಳಾದವು. ವರ್ಷದೊಳಗೆ ಮುಗಿಸಬೇಕೆಂದು ಈಗ ಅಕ್ಕನ ಮಗಳ ಮದುವೆ ಇಟ್ಟುಕೊಂಡಿದ್ದೇವೆ, ಬಳ್ಳಾರಿಯ ಕಲ್ಯಾಣ ಮಂಟಪದಲ್ಲಿ. ಸಂಗೀತ ಮಂಟಪದವರದೇ ಅಂತೆ. ಮೊಬೈಲಿಗೆ ಹತ್ತು ಮಾದರಿ ಕಳಿಸಿದ್ದಾರೆ, ಒಂದನ್ನು ಆರಿಸಬೇಕು. "ಯಾವುದ ಹೇಳಲಿ?" ಎಂದು ಅಕ್ಕ ಫೋನ್ ಮಾಡಿದ್ದಳು. ಹತ್ತನ್ನೂ ಕೇಳಿದೆ, ಎಲ್ಲವೂ ಚೆನ್ನಾಗಿವೆ. ಯಾವುದಾದರೂ ಆಗಲಿ ಅಂದೆ.

ಇದು ಆಗುತ್ತದೆ, ಇದು ಆಗುವುದಿಲ್ಲ ಎಂದು ಹೇಳಲು ಅತ್ತೆ ಇಲ್ಲ.