ಮೈದಾನಕ್ಕೆ ಬಂದ ಚರಗ

ವಿಜಯಶ್ರೀಗೆ ಎರಡೂ ಆಟ ಸಿಕ್ಕಿದ್ದು ಹುಡುಗರು ಒಲ್ಲೆವೆಂದು ಬಿಟ್ಟ ಜಾಗದಲ್ಲಿ. ಹೈದರಾಬಾದಿನ ನಾಂಪಲ್ಲಿಯ ಗಲ್ಲಿ ಫುಟ್‌ಬಾಲ್‌ನಲ್ಲಿ ಗೋಲಿಗೆ ನಿಲ್ಲಲು ಯಾರೂ ಒಪ್ಪದೆ ಇವಳನ್ನು ನಿಲ್ಲಿಸಿದರು. ಕ್ರಿಕೆಟ್‌ನಲ್ಲಿ ವಿಕೆಟ್ ಹಿಂದೆ ಬಗ್ಗಿದರೆ ಸೊಂಟ ಹೋಗುತ್ತದೆಂದು ಅಲ್ಲಿಗೂ ಇವಳೇ. ದಿನಾ ಬಗ್ಗಿ ಮನೆ ಒರೆಸಿ ಬರುವ ಹುಡುಗಿಗೆ ಅದೇನು ದೊಡ್ಡದು? ಹತ್ತೊಂಬತ್ತಕ್ಕೆ ರಾಜ್ಯ ತಂಡದ ವಿಕೆಟ್ ಕೀಪರ್ ಆದಳು. ಫುಟ್‌ಬಾಲ್‌ನಲ್ಲೂ ಊರಿನ ಕ್ಲಬ್ಬುಗಳು ಇವಳಿಗಾಗಿ ಜಗಳಾಡುತ್ತಿದ್ದವು.

ಮದುವೆಯಾಗಿ ಮಿಯಾಪುರಕ್ಕೆ ಬಂದು, ಮಗಳು ಲಹರಿ ಹುಟ್ಟಿದ ಮೇಲೆ ಕ್ರಿಕೆಟ್ ತಂಡ ಕೈಬಿಟ್ಟಿತು. ಫುಟ್‌ಬಾಲನ್ನು ಇವಳು ಬಿಡಲಿಲ್ಲ. ಭಾನುವಾರ ಮನೆಯವರು ಏಳುವುದರೊಳಗೆ ಹತ್ತಿರದ ಶಾಲಾ ಮೈದಾನದಲ್ಲಿ ಆಡಿ, ಬರುವಾಗ ಹಾಲಿನ ಪ್ಯಾಕೆಟ್ ತರುತ್ತಿದ್ದಳು. ಹಾಗಾಗಿ ಕಾಲಿನ ಚುರುಕು ಉಳಿಯಿತು. ಮೂವತ್ತೊಂದನೇ ವಯಸ್ಸಿಗೆ ಕ್ರಿಕೆಟ್ ತಂಡದಿಂದ ಮತ್ತೆ ಕರೆ ಬಂತು. ಅದೇ ಮೈದಾನದಲ್ಲಿ ಆಯ್ಕೆ ಪಂದ್ಯ. ಇದು ತಪ್ಪಿದರೆ ಇನ್ನು ಯಾರೂ ಕರೆಯುವುದಿಲ್ಲ.

ದಿನ ನೋಡಿದರೆ ಎಳ್ಳ ಅಮಾವಾಸ್ಯೆ.

ಗಂಡ ಮಹೇಶಕುಮಾರನ ಮನೆಯವರು ರಾಯಚೂರು ಕಡೆಯವರು. ಅವತ್ತು ಸಜ್ಜಿ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ ಪಲ್ಯ, ಕಡುಬು ಮಾಡಿ ತಾವು ದುಡಿದ ಹೊಲಕ್ಕೆ ಒಯ್ದು, ಭೂಮಿತಾಯಿಯ ಪಾಲೆಂದು ಅದರ ತುತ್ತುಗಳನ್ನು ಎರಚಿ ಚರಗ ಚೆಲ್ಲಬೇಕು, ಆಮೇಲೆ ಉಣ್ಣಬೇಕು. ಹೊಲವಿಲ್ಲದ ಹೈದರಾಬಾದಿನಲ್ಲಿ ಅತ್ತೆ ಗಿರಿಜಾಬಾಯಿ ಮೂವತ್ತು ವರ್ಷದಿಂದ ಯಾವುದಾದರೊಂದು ಪಾರ್ಕಿನಲ್ಲಿ ಚೆಲ್ಲುತ್ತಿದ್ದರು. ಅದು ಎರಡು ದಿನದ ಅಡುಗೆ. ಗಂಡಸರ ಪಾಲಿಗೆ ಬುಟ್ಟಿಯನ್ನು ಕಾರಿನಲ್ಲಿಡುವುದು, ಉಪ್ಪು ಕಡಿಮೆ ಎನ್ನುವುದು.

ನಾಲ್ಕು ದಿನ ಗಂಟಲಲ್ಲೇ ಇಟ್ಟುಕೊಂಡಿದ್ದನ್ನು ವಿಜಯಶ್ರೀ ಕೊನೆಗೆ ತೊಗರಿಕಾಯಿ ಸುಲಿಯುತ್ತ ಹೇಳಿದಳು.

"ಅತ್ತೀ, ಅಮಾಸಿ ದಿನಾನ ನಂದು ಮ್ಯಾಚ್ ಐತ್ರಿ. ರೊಟ್ಟಿ ಎಲ್ಲಾ ಬಡದಿಟ್ಟು ಹೋಗ್ತೀನ್ರಿ."

ಗಿರಿಜಾಬಾಯಿಯ ಕೈ ನಿಂತಿತು. "ನೂರು ರೊಟ್ಟಿ ಬಡದು, ಅದ ಕೈಲೆ ಚೆಂಡ ಹಿಡೀತೀಯೇನು?"

ಸಿಟ್ಟೋ ಏನೋ ತಿಳಿಯಲಿಲ್ಲ. ಅವರು ಒಳಗೆ ಮುಖ ಮಾಡಿ ಕೂಗಿದರು: "ಮಹೇಶಾ! ನಿಮ್ಮಪ್ಪನ್ನ ಕರಕೊಂಡು ಬಾ. ಈ ಕಾಯಿ ಸುಲೀರಿ."

ಮಾವ ಅಮರೇಶಪ್ಪ ಪೇಪರ್ ಇಳಿಸಿದರು. "ನಾನಾ?"

"ಮತ್ತ್ಯಾರು? ನಾವೇನು ಹೊಟ್ಯಾಗ ಕಲ್ತು ಬಂದೀವೇನು?" ಸೊಸೆಯ ಕಡೆ ತಿರುಗಿದಾಗ ದನಿ ಇಳಿದಿತ್ತು. "ಮೂವತ್ತು ವರ್ಷ ಆತು, ಒಂದಿನಾನೂ ನನಗ ಆಗಂಗಿಲ್ಲ ಅನ್ನಾಕ ಬಾಯಿ ಬರಲಿಲ್ಲ. ನೀ ಅಂದಿ. ಛಲೋ ಆತು."

ಪಂದ್ಯದ ಬೆಳಿಗ್ಗೆ ವಿಜಯಶ್ರೀ ಸುಲಭದ ಕ್ಯಾಚೊಂದನ್ನು ನೆಲಕ್ಕೆ ಹಾಕಿದಳು. ಊಟದ ಬಿಡುವಿನಲ್ಲಿ ತಲೆ ತಗ್ಗಿಸಿ ಬರುತ್ತಿದ್ದರೆ ಬೌಂಡರಿಯಾಚೆ ಮನೆಮಂದಿಯೆಲ್ಲ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಮಹೇಶಕುಮಾರ ಕಟ್ಟಿದ ಕಡುಬು ಬಾಯಿ ಬಿಟ್ಟಿದ್ದವು.

"ಪಾರ್ಕಿಗೆ ಹೋಗಲಿಲ್ಲೇನ್ರಿ?"

"ಅಲ್ಲಿ ಯಾರು ದುಡದಾರ?" ಎಂದರು ಗಿರಿಜಾಬಾಯಿ. "ನೀ ನಿಲ್ಲೋ ಜಾಗ ತೋರಸು."

ಪಿಚ್ ಮೇಲೆ ಅನ್ನ ಚೆಲ್ಲಿದರೆ ಅಂಪೈರು ಓಡಿಸುತ್ತಾರೆ. ವಿಜಯಶ್ರೀ ಅವರನ್ನು ಮೈದಾನದ ತುದಿಯ ಫುಟ್‌ಬಾಲ್ ಗೋಲಿನ ಬಳಿ ಕರೆದೊಯ್ದಳು. ಎಲ್ಲ ಕಡೆ ಹಸಿರು, ಅಲ್ಲಿ ಮಾತ್ರ ಬರೀ ಮಣ್ಣು.

"ಇಲ್ಲಿ ಯಾಕ ಹುಲ್ಲಿಲ್ಲ?"

"ನಾವು ನಿಂತು ನಿಂತು ಸವದೈತ್ರಿ."

ಗಿರಿಜಾಬಾಯಿ ಬಗ್ಗಿ ಆ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡರು. ಊರಲ್ಲಿ ಕೂಗುವಂತೆಯೇ "ಹುಲ್ಲುಲ್ಲಿಗೋ!" ಎಂದು ಕೂಗಿ ಚರಗ ಚೆಲ್ಲಿದರು. ಆಡಲು ಬಂದಿದ್ದ ತೆಲುಗು ಹುಡುಗಿಯರು ಬಿದ್ದು ಬಿದ್ದು ನಕ್ಕರು, ಆಮೇಲೆ ಬಂದು ಭಜ್ಜಿಗೆ ಕೈ ಒಡ್ಡಿದರು.

ಮಧ್ಯಾಹ್ನ ಬ್ಯಾಟಿನ ಅಂಚಿಗೆ ತಾಗಿದ ಚೆಂಡೊಂದು ಅವಳ ಪಕ್ಕಕ್ಕೆ ದೂರದಲ್ಲಿ ಹಾರಿತು. ವಿಕೆಟ್ ಕೀಪರುಗಳು ಬಿಟ್ಟುಕೊಡುವ ಚೆಂಡು ಅದು. ವಿಜಯಶ್ರೀ ಗೋಲು ಕಾಯುವವಳ ಹಾಗೆ ಮೈ ಚೆಲ್ಲಿ ಹಾರಿ ಹಿಡಿದಳು. ಸಂಜೆ ಓದಿದ ತಂಡದ ಹದಿನೈದು ಹೆಸರುಗಳಲ್ಲಿ ಅವಳದು ಹದಿನಾಲ್ಕನೆಯದು.

ಮನೆಗೆ ಬಂದರೆ ಸಿಂಕಿನ ತುಂಬ ಪಾತ್ರೆ. ತೋಳು ಏರಿಸಿದ ಸೊಸೆಯನ್ನು ಗಿರಿಜಾಬಾಯಿ ಕೂತಲ್ಲಿಂದಲೇ ತಡೆದರು.

"ಬಾ ಇಲ್ಲಿ, ಕಾಲು ಚಾಚಿ ಕುಂದ್ರು. ಮಹೇಶ ಅದಾನ."