ಹಸುವಿನ ಹಕಾರ

ವಯಸ್ಕರ ಓದಿನ ಪರೀಕ್ಷೆ ಮಾಡಲು ಹಳೇಕೋಟೆಗೆ ಹೋಗಿದ್ದೆ. ಕೊಟ್ಟಿಗೆ ಮುಂದೆ ಕೂತಿದ್ದ ನಿಂಗಮ್ಮನಿಗೆ ‘ಹಸು’ ಎಂದು ಬರೆದಿದ್ದ ಕಾರ್ಡು ತೋರಿಸಿದೆ.

“ಅಸ,” ಅಂದರು.

ಉಚ್ಚಾರಣೆ ತಪ್ಪಿದರೆ ಅಂಕವಿಲ್ಲ ಅಂತ ನನಗೆ ಕೊಟ್ಟಿದ್ದ ಹಾಳೆಯಲ್ಲಿತ್ತು.

“ಸರಿಯಾಗಿ ನೋಡಿ ಓದಿ ಅಮ್ಮ. ಹ... ಹಸು.”

“ನಾನೂ ಅದ್ನೇ ಅಲ್ವಾ ಸಾ ಏಳಿದ್ದು? ಅಸ!”

ಅಕ್ಷರ ಕಣ್ಣಿಗೆ ಕಂಡಿದೆ, ನಾಲಿಗೆಗೆ ಬಂದಿಲ್ಲ. ಇದನ್ನು ಓದು ಬಂತು ಅನ್ನಬೇಕೋ, ಇಲ್ಲ ಅನ್ನಬೇಕೋ? ತಿಳಿಯದೆ ಅಂಕದ ಜಾಗ ಖಾಲಿ ಬಿಟ್ಟು ಎದ್ದೆ.

ದಾರಿಗೆ ಅಡ್ಡ ಅವರ ಹಸು ನಿಂತಿತ್ತು. “ಹೋಗು, ಹೋಗು,” ಅಂದೆ. ಕಿವಿಯನ್ನೂ ಅಲ್ಲಾಡಿಸಲಿಲ್ಲ.

ನಿಂಗಮ್ಮ ಕೂತಲ್ಲಿಂದಲೇ, “ಓಗೇ ಅತ್ಲಾಗೆ!” ಅಂದರು. ತಕ್ಷಣ ಪಕ್ಕಕ್ಕೆ ಸರಿಯಿತು.

ಅಲ್ಲೇ ನಿಂತು ಅವರಿಗೆ ಪೂರ್ತಿ ಅಂಕ ಹಾಕಿದೆ. ನನಗೆಷ್ಟು ಅನ್ನೋದನ್ನ ಹಸು ಆಗಲೇ ಹೇಳಿತ್ತು.