ಪ್ಲೇಟು ತೊಳೆಯುವ ನೀರು

ಅಣ್ಣನ ಹೊಟ್ಟೆಯ ಮೇಲೆ ಹೊಡೆದದ್ದು ಬಿಸಿಲು ಎಂದು ಆ ವರ್ಷಗಳಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ನಗುತ್ತಿದ್ದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ! ಹೊಡೆದವನು ನಾನು.

ಮಳೆ ಕೈಕೊಟ್ಟ ವರ್ಷಗಳವು. ಠಾಣಾ ಕುಶನೂರಿನ ನಮ್ಮ ಓಣಿಯಲ್ಲಿ ಅರ್ಧ ಮನೆಗಳಿಗೆ ಬೀಗ. ಅಣ್ಣ ಮೊದಲೇ ಭಾಲ್ಕಿಯಲ್ಲಿ ರೈಲು ಹತ್ತಿ ಮುಂಬೈ ಬಂದರು ಸೇರಿದ್ದ. ಕಲ್ಲಿದ್ದಲಿನ ಹಡಗಿನ ತಳಕ್ಕಿಳಿದು, ಕ್ರೇನಿಗೆ ಸಿಗದೆ ಮೂಲೆಯಲ್ಲಿ ಉಳಿದದ್ದನ್ನು ಸಲಿಕೆಯಿಂದ ಎಳೆದು ಗುಡ್ಡೆ ಹಾಕುವುದು ಅವನ ಕೆಲಸ. ಊರಿಗೆ ಬಂದಾಗಲೂ ಉಗುಳಿದರೆ ಕಪ್ಪಗೇ ಬೀಳುತ್ತಿತ್ತು. ಆದರೂ ಏನು ಜಂಬ! "ಏ ತಮ್ಮಾ, ನಾ ಕೆಳಗ ಇಳದ್ರೇ ನಿಮ್ಮ ಮನ್ಯಾಗ ಲೈಟ್ ಹತ್ತೋದು" ಎನ್ನುತ್ತಿದ್ದ.

ನಾನು ಔರಾದಿಗೆ ಹೋಗುವ ದಾರಿಯಲ್ಲಿ, ನಮ್ಮೂರಿಗೆ ಹತ್ತಿರದಲ್ಲೇ ಹೊಸದಾಗಿ ಬಂದ ಸೋಲಾರ್ ಪ್ಲಾಂಟಿನಲ್ಲಿ ಪ್ಲೇಟು ತೊಳೆಯುವವರ ಮೇಲೆ ಸೂಪರ್‌ವೈಸರ್. ತಲೆಗೊಂದು ಬಿಳಿ ಟೋಪಿ, ಕೊರಳಲ್ಲೊಂದು ಸೀಟಿ. ಧೂಳು ಕೂತರೆ ಕರೆಂಟು ಕಡಿಮೆಯಾಗುತ್ತದೆಂದು ಟ್ಯಾಂಕರ್ ನೀರಿನಿಂದ ಸಾಲುಸಾಲು ತೊಳೆಸುತ್ತಿದ್ದೆವು. ತಂತಿಬೇಲಿಯ ಆಚೆ ಹೆಂಗಸರು ಖಾಲಿ ಕೊಡ ಹಿಡಿದು ನಿಂತು ನೋಡುತ್ತಿದ್ದರು. ನಾನು ಸೀಟಿ ಊದಿ ಓಡಿಸುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಅಣ್ಣ ಗಂಟುಮೂಟೆ ಸಮೇತ ಬಂದ. ಕಾರ್ಖಾನೆಗಳೆಲ್ಲ ಬಿಸಿಲು, ಗಾಳಿ ಅಂತ ತಿರುಗಿಕೊಂಡಿವೆ, ಕಲ್ಲಿದ್ದಲಿನ ಹಡಗು ಕಡಿಮೆಯಾಗಿವೆ, ಇನ್ನು ಇಷ್ಟು ಆಳು ಬೇಡ ಎಂದರಂತೆ.

"ನಮ್ಮ ಪ್ಲೇಟೂ ಹಡಗಿನ್ಯಾಗೇ ಬರ್ತಾವಲ್ಲ?" ಎಂದೆ.

"ಬರ್ತಾವ. ದೊಡ್ಡ ಡಬ್ಬ್ಯಾಗ ಬರ್ತಾವ. ಕ್ರೇನ್ ಎತ್ತಿ ಲಾರಿ ಮ್ಯಾಲ ಇಡ್ತದ. ನಮ್ಮಂಥೋರ ಕೈ ಬೇಕಾಗಂಗಿಲ್ಲ."

"ಅಂದ್ರ ನಿನ್ನ ಹಡಗಾ ಮುಳುಗ್ತು ಬಿಡು!" ಎಂದು ಕಿಸಕ್ಕನೆ ನಕ್ಕೆ.

ಅವನು ನಗಲಿಲ್ಲ. "ನಿನ್ನ ಹಂತ್ಯಾಕ ಒಂದ್ ಕೆಲಸ ಕೊಡ್ಸೋ. ಮತ್ತೆಲ್ಲಿಗಿ ಹೋಗ್ಲಿ?" ಎಂದ.

ಕೊಡಿಸಿದೆ. ಕೊಡಿಸಿದ್ದನ್ನು ಊರಿಗೆಲ್ಲ ಹೇಳಿಕೊಂಡೆ. ಬೇಲಿಯಾಚೆ ಹನಿ ನೀರು ಕೊಟ್ಟರೂ ಕೆಲಸ ಹೋಗುತ್ತದೆಂದು ಅವನಿಗೂ ಹೇಳಿದ್ದೆ.

ಮೂರನೇ ದಿನ ಅವನು ಒಂದು ಕೊಡವನ್ನು ಒಳಗೆ ಎಳೆದುಕೊಂಡು ತುಂಬಿಸಿ, ಬೇಲಿಯ ಸಂದಿಯಿಂದ ಹೊರಗೆ ಕೊಡುತ್ತಿದ್ದ. ಆಚೆ ಕೈ ಚಾಚಿ ನಿಂತವಳು ನಮ್ಮ ಅವ್ವ. ಅಷ್ಟರಲ್ಲಿ ಸಾಹೇಬರ ಜೀಪು ಗೇಟಿಗೆ ಬಂತು. ನಾನು ಓಡಿಹೋಗಿ ಕೊಡ ಕಸಿದುಕೊಂಡೆ.

"ಅವ್ವಗ ಕುಡಿಲಾಕ ನೀರಿಲ್ಲೋ!" ಎಂದ ಅಣ್ಣ.

ಅವ್ವನ ಕಣ್ಣೆದುರೇ ಅಷ್ಟೂ ನೀರನ್ನು ಪ್ಲೇಟಿನ ಮೇಲೆ ಸುರಿದೆ. ಕಾದ ಗಾಜಿನ ಮೇಲೆ ಅದು ಹರಿದು ಮಣ್ಣಿಗೆ ಬಿತ್ತು. ಸಾಹೇಬರು ಇನ್ನೂ ಏನೂ ಕೇಳಿರಲಿಲ್ಲ, ನಾನೇ ಮುಂದೆ ಹೋಗಿ "ಇವ ನೀರ ಕದ್ದಾನ್ರಿ ಸಾಹೇಬ್ರ" ಎಂದೆ. ಅಣ್ಣನನ್ನು ಅಲ್ಲಿಂದಲೇ ಹೊರಗೆ ಹಾಕಿದರು. ನನ್ನ ಟೋಪಿ ಉಳಿಯಿತು. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಅಣ್ಣ ಈಗ ಗುಜರಾತಿನ ಕಡಲ ದಂಡೆಯಲ್ಲಿ ಹಳೆಯ ಹಡಗು ಒಡೆಯುತ್ತಾನೆ. ಒಮ್ಮೆ ಫೋನು ಮಾಡಿದ್ದ. "ನಾ ಇಳಿತಿದ್ದ ಹಡಗೇ ಬಂದದ. ಇವತ್ತ ಅದರ ಹೊಟ್ಟಿ ಕೊಯ್ದೇವಿ" ಎಂದ. ಆಮೇಲೆ, "ಅವ್ವಗ ನೀರ ಸಿಗ್ತದೇನು?" ಎಂದು ಕೇಳಿದ.

ಸಿಗುತ್ತದೆ. ಅವ್ವ ಬೀದರಿನಲ್ಲಿ ನನ್ನ ಮನೆಯಲ್ಲೇ ಇದ್ದಾಳೆ, ದಿನಾ ನಲ್ಲಿ ಬರುವ ಮನೆ. ನಾನು ನೀರಿನ ಲೋಟ ಕೊಟ್ಟರೆ ಮುಟ್ಟುವುದಿಲ್ಲ. ಗೋಡೆ ಹಿಡಿದು ಎದ್ದು ಹೋಗಿ, ತಾನೇ ತುಂಬಿಕೊಂಡು ಕುಡಿಯುತ್ತಾಳೆ.